ದ್ವೀಪ ಎಷ್ಟು ಅಂತ ಬರಕೊಳ್ಳೂದು

ಆಫೀಸಿನಿಂದ ಬಂದಾರ ಸಾಹೇಬ್ರು, ಕೈಯಾಗ ಫಾರ್ಮು,
ಫೋನಿನ್ಯಾಗ ಕೆರಿಬಿಯನ್ ಅಂತ ಒಂದು ನೀಲಿ.
ಧೋತರಕ್ಕ ಹಾಕೂ ನೀಲಿ ಬಾಟ್ಲಿ
ಕಲ್ಲಿಗೆ ಬಡದು ಒಡದಾಂಗ.
ಬಿಳೀ ಉಸುಕು. ಕುಡದವರಂಗ ವಾಲಿದ ತೆಂಗು.
ಗಾಜಿನ ಕನ್ನಡಕ ಹಾಕ್ಕೊಂಡು
ಮೀನಿನ ಜೋಡಿ ಈಸೂ ಮಂದಿ.

"ಇಲ್ಲೂ ಹಿಂಗ ಮಾಡೂನು," ಅಂದ್ರು.
"ದಾವಲಸಾಬ, ನಿಮ್ಮ ಹಿನ್ನೀರಾಗ ದ್ವೀಪ ಎಷ್ಟು?"

ಯಾವ ತಿಂಗಳದ್ದು ಬರೀತೀರಿ?
ಶ್ರಾವಣದಾಗ ಎರಡು:
ಒಂದು ಕರೆವ್ವನ ದಿನ್ನಿ, ಒಂದು ಬೋಳಗುಡ್ಡ.
ಸಂಕ್ರಾಂತಿಗೆ ಏಳು.
ಹೋಳಿ ಹುಣ್ಣಿಮಿಗೆ ಎಣಸಾಕ ಹೋದ್ರ
ಒಂದರ ಕೈ ಒಂದು ಹಿಡಕೊಂಡಿರತಾವ.
ಬಸವ ಜಯಂತಿ ಹೊತ್ತಿಗೆ ಒಂದೂ ಇಲ್ಲ.
ಆವಾಗ ಅದು ದ್ವೀಪ ಅಲ್ರಿ,
ಊರು.

ಸಾಹೇಬ್ರು ಪೆನ್ನು ಎತ್ತಿದವರು ಇಳಿಸಲಿಲ್ಲ.

ಹತ್ರಿ ದೋಣಿ. ನಡುವ ಕುಂದರ್ರಿ.
ಆ ಮುಂದಿನ ತುದಿಗೆ ಕುಂತು ನೀರು ಮೊಗದು ಹಾಕಾಕಿ
ನನ್ನ ಮಮ್ಮಗಳು, ಜುಲೇಖಾ. ಐದನೇತ್ತ.
ನಾ ಮೊದಲ ಟಾಂಗಾ ಹೊಡೀತಿದ್ದೆ,
ಬಾಗಲಕೋಟಿ ಸ್ಟೇಷನ್ನಿಂದ ಪ್ಯಾಟಿಗೆ, ತಲಿಗೆ ಎರಡು ರೂಪಾಯಿ.
ಈಗ ದೋಣಿ. ದಾರಿ ಅದ.
ಇಲ್ಲಿ ಎಡಕ್ಕ ಹೊಳ್ಳಬೇಕು. ಯಾಕಂತೀರಿ,
ಬಟಾಬಯಲು ನೀರಿಗೆ ಎಲ್ಲಿ ಮೂಲಿ ಅಂತೀರಿ?
ಎರಡಾಳು ಕೆಳಗ ಅತ್ತಾರ ಅಂಗಡಿ ಮೂಲಿ ಐತಿ.
ಸೀದಾ ಹೋದ್ರೂ ಏನೂ ಹಾಯೂದಿಲ್ಲ, ಗೊತ್ತೈತಿ ನನಗ.
ಮೊಣಕೈಗೆ ಗೊತ್ತಿಲ್ಲ.

ಈಜು ಅಂತ ಒಂದು ಕಾಲಂ ಐತೇನು?
ಮೊದಲ ಈಸಿದ್ದು ನಮ್ಮ ಕುದುರಿ, ಬಿಜಲಿ.
ನವನಗರದ ಹೊಸಾ ಸೆಕ್ಟರಿನ್ಯಾಗ ಕಟ್ಟಿದ್ದೆ,
ರಾತ್ರೋರಾತ್ರಿ ಹಗ್ಗ ಹರಕೊಂಡು ಬಂದು
ಹೊಟ್ಟಿ ಮಟ ನೀರಾಗ, ತನ್ನ ಹಳೇ ಗ್ವಾದಲಿ ಮುಂದ
ಹುಲ್ಲಿನ ಚೀಲಕ್ಕ ಕಾಯಕೋತ ನಿಂತಿತ್ತು.
ಕರಿಯಾಕ ಹೋದಾವಾ ನಾನೂ ನಿಂತೆ, ಸ್ವಲ್ಪ ಹೊತ್ತು.
ಇದನ್ನ ಬರಕೋಬ್ಯಾಡ್ರಿ.

ಪಕ್ಷಿ ಬರಕೋರಿ. ಅಗೋ,
ತಲಿ ಮ್ಯಾಲ ಎರಡು ಕರೀ ಪಟ್ಟಿ, ಹೆಬ್ಬಾತು.
ಹಿಮಾಲಯ ದಾಟಿ ಬರತಾವಂತ.
ಹಗಲೆಲ್ಲಾ ನೀರಾಗ ತೇಲತಾವ ಮಾನವಂತರಂಗ,
ಕತ್ತಲಾತು, ಗಂಗಪ್ಪ ಕೌಜಲಗಿ ಕಡ್ಲಿ ಹೊಲಕ್ಕ ಇಳೀತಾವ.
ಅಂವ ತಗಡು ಬಡದು ಬಡದು ತೋಳು ಸೋತು
"ನಿಮ್ಮ ಪ್ರವಾಸೋದ್ಯಮ ಹಾಳಾಗಲಿ" ಅಂತಾನ.
ಅಂದ್ರೂ ಖರೇ ಪ್ರವಾಸಿ ಅಂದ್ರ ಅವ ನೋಡ್ರಿ,
ಬಾಟ್ಲಿ ಒಗಿಯೂದಿಲ್ಲ, ಚೌಕಾಶಿ ಇಲ್ಲ,
ಶಿವರಾತ್ರಿಗೆ ಹೇಳದ ಹೋಗತಾವ.

ಮುಳುಗಿ ನೋಡೂ ಆಟ?
ನಮ್ಮ ನೀರು ನೀಲಿ ಅಲ್ಲ, ಚಾದ ಬಣ್ಣ.
ಕನ್ನಡಕ ಹಾಕ್ಕೊಂಡ್ರೂ ಮೀನು ಕಾಣೂದಿಲ್ಲ,
ಕೈಲೇ ನೋಡಬೇಕು.
ಹ್ವಾದ ಬ್ಯಾಸಿಗಿ ಇಕಿ ಮುಳುಗಿ ಒಂದು ಅಗಳಿ ತಂದ್ಲು,
ತುಕ್ಕ ತಿಂದಿತ್ತು, ಗುಬ್ಬಿ ಮಾತ್ರ ನುಣ್ಣಗ.
"ಅಜ್ಜಾ, ಯಾರ ಮನೀದು?"
ನನಗ ಗೊತ್ತೈತಿ. ಹೇಳಲಿಲ್ಲ.
ಅವರು ಈಗ ಕಬ್ಬಿಣದ ಗೇಟು ಹಾಕಸ್ಯಾರ,
ಕರೆಗಂಟಿ ಒತ್ತಿದ್ರ ಹಾಡ ಹೇಳತೈತಿ.

ಸಾಹೇಬ್ರು ಮಾತಾಡಲಿಲ್ಲ. ಗಾಳಿ ಬಿಟ್ಟಿತ್ತು.
ಫೋನಿನ ನೀಲಿ ತಾನ ಆರಿ ಕರ್ರಗಾತು,
ಅದರಾಗ ಅವರದ ಮಾರಿ.
ಪೆನ್ನು ಕಿಸೇಕ ಇಟ್ಟು
ಜುಲೇಖಾನ ಕಡೆ ಪೆನ್ಸಿಲ್ ಕೇಳಿ ಇಸಗೊಂಡ್ರು,
ದ್ವೀಪಗಳ ಸಂಖ್ಯೆ ಅನ್ನೂ ಗೆರಿ ಮ್ಯಾಲ
ಏನೋ ಬರದ್ರು, ಸಣ್ಣಗ.
"ರಬ್ಬರ್ ಐತೇನವಾ?" ಅಂದ್ರು.

ಬಾಯಿಲೇ ಹ್ವೋ ಅಂದೆ, ದೋಣಿ ನಿಂತಿತು.
ಪ್ಯಾಟಿ ಬಂತ್ರಿ.
ಇಳಿಯಬ್ಯಾಡ್ರಿ ಮತ್ತ.